ಸೂಜಿಗೆ ಎಷ್ಟು ತಿಂಗಳ ಗ್ಯಾರಂಟಿ?

ಸೂಜಿ ಹಿಡಿದು ಕೂತವಳ ಮುಂದೆ ಜನ ತೋಳು ಚಾಚುವುದಕ್ಕಿಂತ ಮೊದಲು ಬಾಯಿ ಬಿಚ್ಚುತ್ತಾರೆ. ನಾನು ಸರ್ಕಾರಿ ನರ್ಸು. ಕೊರೊನಾ ಬೂಸ್ಟರ್ ಹಾಕುತ್ತಿದ್ದ ಕಾಲದಲ್ಲಿ ಮೊದಲು ಕಲಬುರಗಿಯಲ್ಲಿದ್ದೆ, ಆಮೇಲೆ ಕಮಲಾಪುರಕ್ಕೆ ವರ್ಗವಾಯಿತು. ಊರು ಬದಲಾದರೂ ಪ್ರಶ್ನೆ ಬದಲಾಗಲಿಲ್ಲ. "ಇದು ಎಷ್ಟು ದಿನ ತಡೀತದ್ರಿ?"

ನನ್ನ ಉತ್ತರವೂ ಒಂದೇ. "ನಾಕಾರು ತಿಂಗಳು ಜೋರಿರ್ತದ್ರಿ, ಆಮ್ಯಾಲ ನಿಧಾನಕ ಇಳೀತದ. ಆ ವೈರಸ್ಸೂ ವೇಷ ಬದಲಸ್ತದ. ಇಳೀತು ಅಂದ್ರ ಮತ್ತೊಂದು ಬೂಸ್ಟರ್." ಮನೆಯಲ್ಲೂ ಇದನ್ನೇ ಹೇಳಿ ಹೇಳಿ ನನ್ನ ಅತ್ತೆಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾಗಿ ಏನು ಬಂತು? ದಮ್ಮಿನ ರೋಗಿ, ಪ್ರತಿ ಚಳಿಗಾಲ ಉಸಿರಿಗೆ ಒದ್ದಾಡುವಾಕೆ, ಬೂಸ್ಟರ್ ಮಾತ್ರ ಒಲ್ಲೆ ಎಂದು ಕೂತಿದ್ದರು. ಊರಿಗೆಲ್ಲ ಸೂಜಿ ಹಾಕುವ ನನಗೆ ಆ ಒಂದು ತೋಳು ಸಿಗುತ್ತಿರಲಿಲ್ಲ.

ಗ್ಯಾರಂಟಿ ಕಾರ್ಡು

ಕಪನೂರದಲ್ಲಿ ಸುಟ್ಟ ಮೋಟರ್ ರಿಪೇರಿ ಮಾಡುವವರೊಬ್ಬರು ಬಂದರು. ನನ್ನ ಪಾಠ ಕೇಳಿ ಸಿಟ್ಟಾದರು.

"ಏನ್ ಸಿಸ್ಟರ್, ಸುಟ್ಟ ಮೋಟರಿಗೆ ನಾ ಒಂದು ವರ್ಷ ಗ್ಯಾರಂಟಿ ಕೊಡ್ತೀನಿ. ಜೀವಂತ ಮನಷ್ಯಾಗ ನೀವು ನಾಕಾರು ತಿಂಗಳು ಅಂತೀರಲ್ಲ?"

"ನಿಮ್ಮ ಕರೆಂಟು ವೈರಸ್ಸಿನಂಗ ದಿನಾ ವೇಷ ಬದಲಸ್ತದೇನ್ರಿ?"

"ಬದಲಸಂಗಿಲ್ಲೇನು! ಮುಂಜಾನಿ ಒಂದು ವೋಲ್ಟೇಜು, ಮಧ್ಯಾಹ್ನ ಇನ್ನೊಂದು. ಅದಕ್ಕಂತನ ಕಾರ್ಡಿನ ಹಿಂದ ಸಣ್ಣ ಅಕ್ಷರದಾಗ ಬರದಿರ್ತೀವಿ, ವೋಲ್ಟೇಜ್ ಹೆಚ್ಚುಕಮ್ಮಿ ಆದ್ರ ನಾವು ಜವಾಬ್ದಾರರಲ್ಲ ಅಂತ."

ಹೇಳುತ್ತ ಹೇಳುತ್ತ ತಾವೇ ಮೆತ್ತಗಾದರು. ಅಂಗಿ ತೋಳು ಮಡಚಿ ಸೂಜಿ ಹಾಕಿಸಿಕೊಂಡು, ಬಾಗಿಲಲ್ಲಿ ನಿಂತು ತಿರುಗಿ ನೋಡಿ ಹೇಳಿದರು: "ಸಿಸ್ಟರ್, ನೀವೂ ಚೀಟಿ ಹಿಂದ ಸಣ್ಣ ಅಕ್ಷರದಾಗ ಬರಸ್ರಿ. ಗಿರಾಕಿ ತಕರಾರೇ ಮಾಡಂಗಿಲ್ಲ."

ತೋಳಿನ ಫಲಾಹಾರ

ಸೇಡಂ ರಸ್ತೆಯ ಕಡೆಯಿಂದ ವಯಸ್ಸಾದ ಆಚಾರ್ಯರು, ಹೆಂಡತಿ ಸಮೇತ ಬಂದರು. ಬೂಸ್ಟರ್‌ಗೆ ಕೊಟ್ಟ ದಿನವೂ ಅಂದೇ, ಏಕಾದಶಿಯೂ ಅಂದೇ.

"ಇವತ್ತು ಒಳಗ ಏನೂ ಹೋಗಬಾರದು ನೋಡ್ರಿ," ಎಂದರು ಆಚಾರ್ಯರು.

"ಬಾಯಿಲೆ ಹೋಗಂಗಿಲ್ರಿ, ತೋಳಿಲೆ ಹೋಗ್ತದ," ಎಂದೆ.

ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ, "ತೋಳಿನ ಬಗ್ಗೆ ಎಲ್ಲೂ ನಿಷೇಧ ಹೇಳಿಲ್ಲ," ಎಂದು ತೀರ್ಪು ಕೊಟ್ಟು ಕೂತರು.

ಅಷ್ಟರಲ್ಲಿ ಅವರ ಹೆಂಡತಿ ಮುಂದೆ ಬಂದರು. "ಹಂಗಾದ್ರ ಮುಂದಿನ ಏಕಾದಶಿಗೆ ಇವರ ಚಹಾನೂ ತೋಳಿಗೇ ಹಾಕಿಬಿಡ್ರಿ ಸಿಸ್ಟರ್. ಸಂಜೀತನಕ ನನ್ನ ತಲಿ ತಿನ್ನೋದು ತಪ್ಪತದ."

ನೋವು ಇರೋತನಕ

ಕಮಲಾಪುರಕ್ಕೆ ಹೋದ ಮೇಲೆ ಕೆಂಪು ಬಾಳೆ ಬೆಳೆಯುವ ವಯಸ್ಸಾದ ಮುತ್ಯಾ ಒಬ್ಬರು ಬೂಸ್ಟರ್ ಹಾಕಿಸಿಕೊಂಡು ಹೋದರು. ಐದನೇ ದಿನಕ್ಕೆ ವಾಪಸ್ ಹಾಜರ್.

"ಯವ್ವಾ, ಖಲಾಸ್ ಆಗ್ಯಾದ. ಮತ್ತೊಂದು ಹಾಕು."

"ಖಲಾಸ್ ಆಗ್ಯಾದಂತ ಯಾರು ಹೇಳಿದ್ರು ಮುತ್ಯಾ?"

"ತೋಳು ತಾನಾಗಿ ನೋಯವಲ್ದು. ನೋವು ಇರೋತನಕ ಪವರ್ ಇರ್ತದಂತ ನಮ್ಮ ಮಂದಿಯೆಲ್ಲ ಹೇಳ್ತಾರ."

ನೋವಿಗೂ ಪವರ್‌ಗೂ ಸಂಬಂಧವಿಲ್ಲ ಎಂದು ಅರ್ಧ ತಾಸು ತಿಳಿಹೇಳಿದೆ. ಆಗ ಮುತ್ಯಾನ ಮುಖದಲ್ಲಿ ಮೂಡಿದಂಥ ಸಮಾಧಾನ ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ.

"ಇದನ್ನ ಸ್ವಲ್ಪ ಮನಿಗೆ ಬಂದು ನಮ್ಮಾಕಿಗಿ ಹೇಳವ್ವಾ," ಎಂದರು. "ಪವರ್ ಇಳೀಬಾರದಂತ ಐದು ದಿನದಿಂದ ತೋಳಿಗೆ ಗುದ್ದಿ ಗುದ್ದಿ ನೋಯಿಸಲಾಕತ್ತಾಳ."

ಅತ್ತೆಯ ಬೂಸ್ಟರ್

ಈ ಕತೆ ಕೇಳಿ ಅತ್ತೆ ಮನಸಾರೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬೂಸ್ಟರ್ ಹಾಕಿಸಿಕೊಳ್ಳಿ ಎಂದು ಅಳುವ ದನಿಯಲ್ಲೇ ಬೇಡಿಕೊಂಡೆ. ಅತ್ತೆ ಸುಧಾರಿಸಿಕೊಂಡು, "ಆಯ್ತು," ಎಂದರು. "ಆದ್ರ ಮೊದಲು ನನ್ನ ಕಣ್ಣೆದುರು ನೀ ಹಾಕಸ್ಕೋ."

ಇಲ್ಲಿ ಒಂದು ಗುಟ್ಟು ಹೇಳಬೇಕು. ನನಗೆ ಸೂಜಿ ಎಂದರೆ ಪ್ರಾಣಭಯ. ಹಾಕುವುದಕ್ಕಲ್ಲ, ಹಾಕಿಸಿಕೊಳ್ಳುವುದಕ್ಕೆ. ಮೊದಲೆರಡು ಡೋಸು ಬಾಗಿಲು ಹಾಕಿಕೊಂಡು, ಜೊತೆಯ ನರ್ಸಿನ ಸೆರಗು ಕಚ್ಚಿಕೊಂಡು ಮುಗಿಸಿದ್ದೆ. ಬೂಸ್ಟರನ್ನು 'ನಾಳೆ' ಎಂದು ಮುಂದೂಡುತ್ತಲೇ ಇದ್ದೆ.

ಅತ್ತೆಯನ್ನು ಕಲಬುರಗಿಯ ಮನೆಯಿಂದ ಬಸ್ಸಿನಲ್ಲಿ ಕಮಲಾಪುರಕ್ಕೆ ಕರೆದುಕೊಂಡು ಹೋದೆ. ಸಾಲಿನ ಮಂದಿಯೆಲ್ಲ ನೋಡುತ್ತಿರುವಾಗ ಕುರ್ಚಿಯಲ್ಲಿ ಕೂತೆ. ಅಲ್ಲಿನ ಇನ್ನೊಬ್ಬ ನರ್ಸು ಸೂಜಿ ಎತ್ತಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಬೆಂಚಿನ ಮೇಲೆ ಮಲಗಿದ್ದೆ. ಅತ್ತೆ ಒಂದು ಕೈಯಲ್ಲಿ ಸೆರಗಿನಿಂದ ಗಾಳಿ ಹಾಕುತ್ತಿದ್ದರು, ಇನ್ನೊಂದು ತೋಳಿನ ಮೇಲೆ ಹತ್ತಿ ಅಂಟಿತ್ತು.

"ನೀ ಏಳೋದು ತಡ ಆಯ್ತು, ನಾ ಹಾಕಸ್ಕೊಂಡ್ಬಿಟ್ಟೆ," ಎಂದರು. "ಇರುವಿ ಕಡದಂಗ ಆಗ್ತದ, ಅಷ್ಟೇ. ಕಣ್ಣು ಮುಚ್ಚು, ನಾ ಕೈ ಹಿಡಕೋತೀನಿ."

ಹಿಡಿದುಕೊಂಡರು. ನನ್ನದೂ ಆಯಿತು. ಆ ಚಳಿಗಾಲದಲ್ಲಿ ಅತ್ತೆ ಕೆಮ್ಮಿದರು, ಆದರೆ ಆಸ್ಪತ್ರೆಗೆ ಸೇರುವ ಪ್ರಸಂಗ ಬರಲಿಲ್ಲ. ನಾನು ದೇವರಿಗೆ ಕೈ ಮುಗಿದೆ.

ಕಷ್ಟ ಶುರುವಾದದ್ದು ಆಮೇಲೆ. ಅತ್ತೆ ಈ ಸುದ್ದಿಯನ್ನು ಓಣಿಗೆಲ್ಲ ಹಂಚಿದರು. ಮೊದಲ ವಾರದ ಕತೆಯಲ್ಲಿ ನನಗೆ ಬರೀ ಚಕ್ಕರ್ ಬಂದಿತ್ತು. ಯುಗಾದಿ ಹೊತ್ತಿಗೆ ನಾಲ್ಕು ಮಂದಿ ನನ್ನನ್ನು ಎತ್ತಿಕೊಂಡು ಹೋದರು. ನಾಗರ ಪಂಚಮಿಗೆ ಉಂಡಿ ತಿನ್ನಲು ಬಂದ ಹೆಂಗಸರ ಮುಂದೆ ನನ್ನ ನಾಡಿಯೇ ನಿಂತುಹೋಗಿತ್ತು, ಜೀವ ಉಳಿಸಿದ್ದು ಅತ್ತೆ.

ತಡೆಯಲಾರದೆ ಅವರೆಲ್ಲರ ಎದುರೇ ಕೇಳಿದೆ: "ಅತ್ತೀ, ಇದನ್ನ ಇನ್ನ ಎಷ್ಟು ದಿನ ಹೇಳ್ತೀರಿ?"

ಅತ್ತೆ ಉಂಡಿ ಮುರಿದು ಬಾಯಿಗೆ ಹಾಕಿಕೊಂಡು ಹೇಳಿದರು: "ನಾಕಾರು ತಿಂಗಳು ಜೋರಿರ್ತದ, ಆಮ್ಯಾಲ ನಿಧಾನಕ ಇಳೀತದ. ಇಳೀತು ಅಂದ್ರ, ನಾನೇ ಮತ್ತೊಂದು ಬೂಸ್ಟರ್ ಕೊಡ್ತೀನಿ."