ಮಖಮಲ್ ಅಂಗಿ ತೊಟ್ಟ ರಿಸೀವರ್

ಹೆಂಡತಿ: ಬೇಡ ಅಂದ್ರೆ ಬೇಡ. ಹೊಸದರ ಮಾತೇ ಎತ್ತಬೇಡಿ. ಇದನ್ನೇ ಇನ್ನೊಂದ್ಸಲ ರಿಪೇರಿಗೆ ಕೊಡಿ.

ಟೈಲರ್: ಎರಡು ಸಲ ಕೊಟ್ಟಿದ್ದಾಯ್ತಲ್ಲೇ. ರಿಪೇರಿಯವನ ಅಂಗಡೀಲಿ ಇಡೀ ದಿನ ಹಾಡತ್ತೆ. ನಮ್ಮನೆಗೆ ತಂದ್ರೆ ಅರ್ಧ ಸಿನಿಮಾಕ್ಕೇ ಮೈ ಕಾದು ಬಾಯಿ ಮುಚ್ಚತ್ತೆ.

ಹೆಂಡತಿ: ನಮ್ಮನೇಲಿ ಅದಕ್ಕೇನು ಕಷ್ಟ ಕೊಟ್ಟಿದೀವಂತೆ?

ಟೈಲರ್: ನಾನೂ ಅದೇ ಕೇಳೋದು. ಮನೆಯವರಿಗಿಂತ ಹೆಚ್ಚಾಗಿ ನೋಡ್ಕೊಂಡಿದೀನಿ ಅದನ್ನ.

ಈ ಮಾತೇನೋ ಸುಳ್ಳಲ್ಲ. ಟಿವಿಯ ಕೆಳಗೆ ಕೂತು ಐದು ಸ್ಪೀಕರುಗಳಿಗೆ ದನಿ ಹಂಚುತ್ತಿದ್ದ ಆ ಹೋಂ ಥಿಯೇಟರ್ ರಿಸೀವರ್ ಮೆರೂನ್ ಬಣ್ಣದ ಮಖಮಲ್ ಅಂಗಿ ತೊಟ್ಟಿತ್ತು. ಒಳಗೆ ಲೈನಿಂಗು, ಅಂಚಿಗೆ ಪೈಪಿಂಗು, ವಾಲ್ಯೂಮ್ ತಿರುಗಿಸಲು ಮುಂದುಗಡೆ ಕಾಜಾ ಹೊಲಿದ ಕಿಂಡಿ. ಧೂಳು ಕೂರಬಾರದೆಂದು ಟೈಲರ್ ಒಂದು ಭಾನುವಾರ ಪೂರ್ತಿ ಕೂತು ಹೊಲಿದದ್ದು. ಕಂಡವರ ಮೈಗೆ ಬಟ್ಟೆ ಹೊಲಿದೂ ಹೊಲಿದೂ ಅವನ ಕಣ್ಣು ಮಂಜಾಗಿತ್ತು, ಆದರೆ ಆ ಬಟ್ಟೆಗಳಲ್ಲಿ ಒಂದಾದರೂ ಇಷ್ಟು ಚೆನ್ನಾಗಿ ಕೂತದ್ದಿಲ್ಲ. ಎಲ್ಲೂ ಸುಕ್ಕಿಲ್ಲ, ಬೆರಳು ತೂರುವಷ್ಟು ಸಡಿಲವಿಲ್ಲ. ಈ ಗಿರಾಕಿ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ಮೋಸವನ್ನೂ ಮಾಡಿರಲಿಲ್ಲ. ರಿಪೇರಿ ಅಂಗಡಿಯ ಜಿಡ್ಡು ತಾಗೀತೆಂದು ಎರಡು ಸಲವೂ ಅಂಗಿ ಕಳಚಿಯೇ ಕೊಂಡೊಯ್ದಿದ್ದ.

ಒಂದೇ ಒಂದು ತೊಡಕೆಂದರೆ, ಆ ಮಖಮಲ್ಲು ಬಂದದ್ದು ಹೆಂಡತಿಗೆ ಕೋಟು ಹೊಲಿಯಲೆಂದು. ಅವಳು ಅದನ್ನು ಮರೆತಿರಲಿಲ್ಲ. ಮರೆಯುವ ಪೈಕಿಯೂ ಅಲ್ಲ.

ಹೆಂಡತಿ: ಅಂಗಡಿ ಮುಂದೆ ದೊಡ್ಡದಾಗಿ ಬೋರ್ಡ್ ಹಾಕಿದೀರಲ್ಲ, ಹಳೇದನ್ನ ಎಸೀಬೇಡಿ, ನಮ್ಮ ಹತ್ರ ತನ್ನಿ ಅಂತ.

ಟೈಲರ್: ಅದು ಗಿರಾಕಿಗಳಿಗೆ ಬರೆಸಿದ್ದು. ನಾನ್ಯಾಕೆ ಓದ್ಲಿ?

ಸೋಫಾದ ತುದಿಯಲ್ಲಿದ್ದ ಭಾವಮೈದುನ ಮೆಲ್ಲಗೆ ಕೆಮ್ಮಿದ. ಅಕ್ಕನ ಮನೆಯಲ್ಲಿ ಯಾವುದೋ ಸಾಮಾನು ಹಳೆಯದಾಗುತ್ತಿದೆ ಎಂಬ ವಾಸನೆ ಅವನಿಗೆ ನಾಲ್ಕು ಬೀದಿ ಆಚೆಯಿಂದಲೇ ಬಡಿಯುತ್ತಿತ್ತು. ಇವರು ಬೇಡವೆಂದ ಫ್ರಿಜ್ಜು, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲವೂ ಈಗ ಅವನ ಮನೆಯಲ್ಲಿ ಸುಖವಾಗಿದ್ದವು.

ಭಾವಮೈದುನ: ಭಾವ ಹೇಳೋದೇ ಸರಿ ಅಕ್ಕ. ಹೊಸದು ತಗೊಂಡುಬಿಡಿ. ಇದರ ಕಾಟ ಏನಿದ್ರೂ ನಾನು ಅನುಭವಿಸ್ತೀನಿ.

ಹೆಂಡತಿ: ಕೆಟ್ಟಿರೋದನ್ನ ಹೊತ್ಕೊಂಡು ಹೋಗಿ ಏನು ಮಾಡ್ತೀಯೋ?

ಭಾವಮೈದುನ: ಚಳಿಗಾಲದಲ್ಲಿ ಕಾಲು ಕಾಯಿಸ್ಕೋತೀನಿ.

ಬೆಂಬಲ ಸಿಕ್ಕಿದ್ದೇ ತಡ, ಟೈಲರ್‌ಗೆ ಹುರುಪು ಬಂತು. ಮನೆಯ ವೈರಿಂಗ್ ಸರಿಯಿಲ್ಲ ಎಂದ, ರಿಪೇರಿಯವನಿಗೆ ಕೆಲಸ ಬರುವುದಿಲ್ಲ ಎಂದ, ಈಗಿನ ಸಿನಿಮಾಗಳಲ್ಲಿ ಗದ್ದಲ ಜಾಸ್ತಿ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ಗೊಣಗಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಗೆದ್ದೇಬಿಡುತ್ತಿದ್ದ. ನಿಲ್ಲಿಸುವ ಬುದ್ಧಿ ಅವನಿಗೆ ಯಾವತ್ತಿತ್ತು?

ಟೈಲರ್: ಮತ್ತೆ, ಹೊಸದಕ್ಕೆ ನೀಲಿ ಮಖಮಲ್ಲು ಎಷ್ಟು ಚೆನ್ನಾಗಿ ಒಪ್ಪತ್ತೆ ಗೊತ್ತಾ?

ಬಾಯಿಂದ ಏನು ಜಾರಿತೆಂದು ಅವನಿಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು.

ಹೆಂಡತಿ: ಓಹೋ. ಅದಕ್ಕೆ ಎರಡನೇ ಅಂಗಿ. ನನ್ನ ಕೋಟು?

ಟೈಲರ್: ನಿನ್ನ ಅಳತೆ ತೆಗೆದಿಟ್ಟಿದೀನಿ ಕಣೇ.

ಹೆಂಡತಿ: ಆ ಅಳತೆ ತಗೊಂಡಾಗ ನಾನು ಸಣ್ಣಗಿದ್ದೆ.

ಹೆಂಡತಿ ತಮ್ಮನ ಕಡೆ ತಿರುಗಿ, ಹೊಸದೂ ಬೇಡ ಹಳೆಯದೂ ಬೇಡ, ಈ ಪೆಟ್ಟಿಗೆ ತಗೊಂಡು ಹೋಗು, ಬಟ್ಟೆ ಮಾತ್ರ ಇಲ್ಲೇ ಬಿಡು ಎಂದಳು. ತಾನೇ ಗುಂಡಿ ಬಿಚ್ಚಿ, ಮಗುವಿಗೆ ಸ್ನಾನ ಮಾಡಿಸುವವಳಂತೆ ಅಂಗಿ ಎಳೆದು ತೆಗೆದಳು. ಒಯ್ಯುವ ಮೊದಲು ಎಷ್ಟು ಹೊತ್ತು ಓಡುತ್ತದೋ ನೋಡಿಬಿಡುತ್ತೇನೆ ಎಂದು ಭಾವಮೈದುನ ಒಂದು ಸಿನಿಮಾ ಹಾಕಿದ. ಪುಕ್ಕಟೆ ಸಿಗುವ ಸಾಮಾನನ್ನೂ ಪರೀಕ್ಷೆ ಮಾಡದೆ ಒಯ್ಯುವವನಲ್ಲ ಅವನು.

ಅರ್ಧ ಸಿನಿಮಾ ಆಯಿತು. ರಿಸೀವರ್ ಬಾಯಿ ಮುಚ್ಚಲಿಲ್ಲ. ಕೊನೆಯ ಹೊಡೆದಾಟ ಬಂತು, ಐದೂ ಸ್ಪೀಕರುಗಳು ಮನೆ ನಡುಗಿಸಿದವು, ಖಳನಾಯಕ ಸತ್ತ, ಹೆಸರುಗಳೂ ಓಡಿ ಮುಗಿದವು. ಭಾವಮೈದುನ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಬೆಚ್ಚಗಿದೆ ಅಷ್ಟೇ ಎಂದು ದುಃಖದಿಂದ ಹೇಳಿದ.

ಟೈಲರ್ ಬಗ್ಗಿ ನೋಡಿದ. ಪೆಟ್ಟಿಗೆಯ ನೆತ್ತಿಯ ಮೇಲೆ ಸಾಲುಸಾಲಾಗಿ ಸೀಳುಗಳಿದ್ದವು. ಅಳತೆ ತೆಗೆಯುವಾಗಲೂ ಅವನ್ನು ನೋಡಿದ್ದ. ನೆರಿಗೆಯ ಹಾಗೆ ಅದೂ ಒಂದು ಅಲಂಕಾರ ಎಂದುಕೊಂಡು ಮೇಲೆ ಮಖಮಲ್ಲನ್ನು ಬಿಗಿದಿದ್ದ. ಈಗ ಆ ಸೀಳುಗಳಿಂದ ಬಿಸಿಗಾಳಿ ನೇರವಾಗಿ ಅವನ ಮುಖಕ್ಕೆ ಬಡಿಯಿತು. ನಾಚಿಕೆಯಿಂದ ಅವನ ಕಿವಿಗಳು ಕೆಂಪಾದವು. ಕಂಕುಳ ಹಿಡಿಯತ್ತೆ, ಸೊಂಟ ಬಿಗಿ ಎಂದು ದೂರು ತಂದ ಗಿರಾಕಿಗಳೆಲ್ಲ ಸಾಲಾಗಿ ಕಣ್ಣಮುಂದೆ ಬಂದರು. ಅಷ್ಟೂ ಜನಕ್ಕೆ ಅವನು ಕೊಟ್ಟಿದ್ದು ಒಂದೇ ಉತ್ತರ. ಆ ಉತ್ತರ ಹೆಂಡತಿಗೂ ಬಾಯಿಪಾಠವಾಗಿತ್ತು.

ಹೆಂಡತಿ: ಹೇಳಿ ಈಗ. ಹೊಲಿಗೆ ಸರಿಯಾಗೇ ಇದೆ, ನೀವೇ ಸ್ವಲ್ಪ ಊದಿದೀರಿ ಅಂತ ರಿಸೀವರ್‌ಗೆ ಹೇಳಿ.

ಟೈಲರ್: ತಪ್ಪು ನಂದೇ ಕಣೇ. ಪಾಪ, ಎರಡು ಸಲ ರಿಪೇರಿಗೂ ಕಳಿಸಿದೆ ಅದನ್ನ. ಉಸಿರಾಡೋಕೆ ಒಂಚೂರು ಜಾಗ ಬಿಡಬೇಕಿತ್ತು.

ಭಾವಮೈದುನ: ಹಾಗಾದ್ರೆ ಭಾವ, ಇದು ಇನ್ನೂ ಹಳೇದಾಗಿಲ್ಲ ಅಂತೀರಾ?

ಭಾವಮೈದುನ ಬರಿಗೈಯಲ್ಲೇ ಚಪ್ಪಲಿ ಮೆಟ್ಟಿಕೊಂಡು, ಮೈಕ್ರೋವೇವ್ ಕಡೆ ಒಮ್ಮೆ ಆಸೆಯಿಂದ ನೋಡಿ ಹೊರಟುಹೋದ.

ನೆತ್ತಿಯ ಕಡೆ ಕತ್ತರಿಸಿ ಜಾಲರಿ ಕೂರಿಸಿದರೆ ಅಂಗಿ ಇನ್ನೂ ಉಳಿದೀತು ಎಂದು ಟೈಲರ್ ಕೈ ಚಾಚಿದ. ಹೆಂಡತಿ ಮಖಮಲ್ಲನ್ನು ಎಳೆದುಕೊಂಡು ತನ್ನ ಹೆಗಲ ಮೇಲೆ ಹಾಕಿಕೊಂಡಳು, ಕನ್ನಡಿಯ ಮುಂದೆ ನಿಂತಳು. ಆ ಬಣ್ಣ ಅವಳಿಗೆ ಎಷ್ಟು ಒಪ್ಪುತ್ತಿತ್ತೆಂದರೆ, ಈ ಬಟ್ಟೆಯನ್ನು ಕರಿ ಡಬ್ಬಕ್ಕೆ ತೊಡಿಸಿದ ತನ್ನ ತಲೆಯಲ್ಲಿ ಏನಿತ್ತೆಂದು ಟೈಲರ್‌ಗೇ ತಿಳಿಯಲಿಲ್ಲ.

ಹೆಂಡತಿ: ಇದನ್ನ ಬಿಚ್ಚಿ, ಬೀರುವಲ್ಲಿರೋ ಮಿಕ್ಕ ಬಟ್ಟೆ ಸೇರಿಸಿ ನನ್ನ ಕೋಟು ಹೊಲೀರಿ. ಸ್ವಲ್ಪ ಸಡಿಲವಾಗಿರ್ಲಿ. ಯಾವಾಗ ಸಿಗತ್ತೆ?

ಈಗಲೇ ಕೂರ್ತೀನಿ ಎಂದು ಹೇಳಬೇಕೆಂದೇ ಅವನು ಮನಸಾರೆ ಬಾಯಿ ತೆರೆದ. ಆದರೆ ಗಿರಾಕಿಗಳ ಮುಂದೆ ಪಳಗಿದ ನಾಲಿಗೆ, ಮನಸ್ಸಿಗಿಂತ ಮುಂದೆ ಓಡಿತು.

ಟೈಲರ್: ಶುಕ್ರವಾರ ಬನ್ನಿ.