ಹನ್ನೊಂದು ಗಂಟೆಯ ಲಿಫ್ಟು

ಆ ಕಟ್ಟಡದ ಲಿಫ್ಟು ಹದಿನೈದು ದಿನಗಳಿಂದ, ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ, ಯಾರೂ ಗುಂಡಿ ಒತ್ತದೆ ಮೂರನೇ ಮಹಡಿಗೆ ಹೋಗಿ, ಒಂದು ನಿಮಿಷ ಬಾಗಿಲು ತೆರೆದು ನಿಂತು, ಖಾಲಿಯೇ ಇಳಿದು ಬರುತ್ತಿತ್ತು. ಮೂರನೇ ಮಹಡಿಯ ಅಜ್ಜ ತೀರಿಕೊಂಡೂ ಹದಿನೈದೇ ದಿನ. ಅವರು ಪೇಪರ್ ತರಲು ಇಳಿಯುತ್ತಿದ್ದುದೂ ಹನ್ನೊಂದಕ್ಕೇ. ಇನ್ನೇನು ಬೇಕು? ಕಟ್ಟಡದವರೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತತೊಡಗಿದರು.

ಇಬ್ಬರು ಮೆಕ್ಯಾನಿಕ್‌ಗಳು ಬಂದು 'ಯಂತ್ರದಲ್ಲಿ ದೋಷವಿಲ್ಲ' ಎಂದು ಬರೆದುಹೋದರು. ದೋಷ ಯಂತ್ರದ್ದಲ್ಲ ಅಂದಮೇಲೆ ದೆವ್ವದ್ದೇ ಎಂದು ತೀರ್ಮಾನವಾಯಿತು. ಮೂರನೆಯವನಾಗಿ ಬಂದವನು ನಮ್ಮ ನಿಯಮಪ್ಪ. ಇದು ಹೆತ್ತವರಿಟ್ಟ ಹೆಸರಲ್ಲ. ಸೀನು ಬಂದರೂ 'ಪ್ರಕೃತಿ ನಿಯಮ' ಎನ್ನುವವನಿಗೆ ಜೊತೆ ಕೆಲಸಗಾರರು ಇಟ್ಟದ್ದು.

ಹೊರಡುವಾಗಲೇ ಲಿಫ್ಟ್ ರಿಪೇರಿ ಕಂಪನಿಯ ಮಾಲೀಕರು ಹೇಳಿದ್ದರು: "ಸಂಜೆ ಐದರೊಳಗೆ ರಿಜಿಸ್ಟರಲ್ಲಿ ಕಾರಣ ಬರೆದು ಸೆಕ್ರೆಟರಿ ಸಹಿ ಹಾಕಿಸ್ಕೊಂಡು ಬಾ. ಆ ಕಟ್ಟಡದವರು ನಮ್ಮನ್ನ ಕೈಬಿಟ್ರೆ, ನಾನು ನಿನ್ನ ಕೈಬಿಡ್ತೀನಿ."

ಕಟ್ಟಡದ ಸೆಕ್ರೆಟರಿ ಎಂದರೆ ಒಂದನೇ ಮಹಡಿಯ ನಿವೃತ್ತ ಮೇಷ್ಟ್ರು. ಲಿಫ್ಟಿನ ಎದುರು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು.

"ಶಕ್ತಿ ನಾಶ ಆಗಲ್ಲ ಅನ್ನೋದು ನಿಮ್ಮ ವಿಜ್ಞಾನವೇ ತಾನೇ? ಹಾಗಾದ್ರೆ ಅಜ್ಜನ ಶಕ್ತಿ ಎಲ್ಲಿಗೆ ಹೋಯ್ತು?"

"ಇಷ್ಟು ಭಾರದ ಡಬ್ಬಿ ಎಳೆಯೋಕೆ ಮೋಟಾರ್ ಬೇಕು ಸಾರ್. ಸತ್ತೋರ ಹತ್ರ ಮೋಟಾರ್ ಇರಲ್ಲ."

"ನಮ್ಮ ಮೋಟಾರನ್ನೇ ಅವರು ಬಳಸ್ಕೊಂಡ್ರೆ? ಆಗ ನಿನ್ನ ನಿಯಮವೂ ಉಳೀತು, ನಮ್ಮ ದೆವ್ವವೂ ಉಳೀತು."

ನಿಯಮಪ್ಪ ಗುಂಡಿ ಒತ್ತಿ ಲಿಫ್ಟಿನ ಬಾಗಿಲು ತೆರೆಸಿದ. ಕೆಳಮನೆಯ ಟೈಲರಮ್ಮ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದರು. "ಒಳಗೆ ಹೋದ್ರೆ ನೆತ್ತಿ ಮೇಲೆ ಯಾರೋ ತಣ್ಣಗೆ ಊದ್ತಾರೆ ಕಣಪ್ಪ."

"ಅದು ಫ್ಯಾನು, ಅಮ್ಮ."

"ಹದಿನೈದು ದಿನದ ಹಿಂದೆ ಅದು ಫ್ಯಾನೇ ಆಗಿತ್ತು," ಎಂದರು ಟೈಲರಮ್ಮ.

ಹನ್ನೊಂದಕ್ಕೆ ಎರಡು ನಿಮಿಷವಿತ್ತು. ನಿಯಮಪ್ಪ ಎದೆ ಸೆಟೆಸಿ ಒಳಗೆ ಹೋಗಿ ನಿಂತ. ಬಾಗಿಲು ಮುಚ್ಚಿತು, ಲಿಫ್ಟು ತಾನಾಗಿ ಮೇಲೇರಿತು. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದರೆ ಎದುರಿಗೆ ಬಿಳಿ ಸೀರೆ, ಕೈಯಲ್ಲಿ ಕಾಫಿ ಲೋಟ, ಮೆಲುದನಿ: "ಬಂದ್ರಾ?"

ನಿಯಮಪ್ಪನ ಕೈಯಿಂದ ಸ್ಪ್ಯಾನರ್ ಜಾರಿತು. ಅದು ಮಾತ್ರ ಪ್ರಕೃತಿ ನಿಯಮದಂತೆ ನೇರವಾಗಿ ಅವನ ಕಾಲ್ಬೆರಳ ಮೇಲೆಯೇ ಬಿತ್ತು. ಬಿಳಿ ಸೀರೆಯವರು ಅಜ್ಜನ ಹೆಂಡತಿ ಎಂದು ತಿಳಿಯುವಷ್ಟರಲ್ಲಿ ಅವನು ಕುಂಟುತ್ತ ತಾರಸಿಯ ಮೋಟಾರ್ ಕೋಣೆ ಸೇರಿಯಾಗಿತ್ತು.

ಕಂಟ್ರೋಲ್ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗಿನ ಮೂಲೆಯಲ್ಲಿ ಮಾಸಿದ ಚೀಟಿಯೊಂದು ಅಂಟಿತ್ತು. 'ದಿನಾ ೧೧ ಗಂಟೆ, ೩ನೇ ಮಹಡಿ. ಅಜ್ಜನ ಮಂಡಿನೋವು.' ಅಕ್ಷರ ಅವನದೇ.

ಎಲ್ಲ ನೆನಪಾಯಿತು. ಮೂರು ವರ್ಷದ ಹಿಂದೆ ಅಜ್ಜ ಕೈ ಹಿಡಿದು, ಕಾಯುತ್ತ ನಿಲ್ಲಲಾಗುವುದಿಲ್ಲ ಎಂದಿದ್ದರು. ಪಾಪ ಎನಿಸಿ, ಲಿಫ್ಟೇ ಆ ಹೊತ್ತಿಗೆ ಅವರ ಬಾಗಿಲಿಗೆ ಹೋಗಿ, ಒಂದು ನಿಮಿಷ ನಿಂತು ಇಳಿಯುವಂತೆ ಇವನೇ ಮಾಡಿದ್ದ. ಅಜ್ಜ ಅದರಲ್ಲಿ ಇಳಿದು ಬರುತ್ತಿದ್ದಷ್ಟು ದಿನ ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ಅದು ದೋಷವಲ್ಲವಾದ್ದರಿಂದ ಮೆಕ್ಯಾನಿಕ್‌ಗಳಿಗೂ ಸಿಕ್ಕಿರಲಿಲ್ಲ. ಆದರೆ ಆಫೀಸಿಗೆ ತಿಳಿಸದೆ ಸೆಟ್ಟಿಂಗ್ ಮುಟ್ಟಿದವನಿಗೆ ಅಂದೇ ಮನೆಯ ದಾರಿ, ಇದು ಕಂಪನಿಯ ನಿಯಮ. ಕಾರಣ ಬರೆದರೂ ಕೆಲಸ ಹೋಗುತ್ತದೆ, ಬರೆಯದಿದ್ದರೂ ಹೋಗುತ್ತದೆ.

ಸೆಟ್ಟಿಂಗ್ ಅಳಿಸಿದ. ತಂತಿ ಸಡಿಲವಾಗಿತ್ತು ಎಂದು ಬರೆದರಾಯಿತು ಎಂದುಕೊಂಡು ಚೀಟಿ ಕಿತ್ತು ಬಾಯಿಗೆ ಹಾಕಿಕೊಂಡ.

"ತಿನ್ನೋಕೆ ಬೇರೆ ಏನೂ ಸಿಗ್ಲಿಲ್ವೇನಪ್ಪ?"

ಬಾಗಿಲಲ್ಲಿ ಅಜ್ಜಿ ನಿಂತಿದ್ದರು. "ಆವತ್ತು ಇದನ್ನ ಮಾಡ್ಕೊಟ್ಟವನು ನೀನೇ ಅಲ್ವಾ?"

"ಅಜ್ಜಿ, ಸ್ವಲ್ಪ ಮೆಲ್ಲಗೆ."

"ಅವರು ಬರ್ತಾರೆ ಅಂತ ನಂಬೋವಷ್ಟು ದಡ್ಡಿ ಅಲ್ಲ ನಾನು. ಆದ್ರೂ ಆ ಬಾಗಿಲು ತೆರೆದಾಗ ಒಂದು ಗಳಿಗೆ ಬಂದ ಹಾಗೇ ಇರತ್ತೆ. ಇನ್ನು ನಂಗೆ ಉಳಿದಿರೋದು ಅದೊಂದೇ. ತೆಗೀಬೇಡಪ್ಪ."

"ತೆಗೀದಿದ್ರೆ ನನ್ನ ಕೆಲಸ ಹೋಗತ್ತೆ ಅಜ್ಜಿ."

"ತೆಗೆದ್ರೆ ಮೇಷ್ಟ್ರಿಗೆ ಎಲ್ಲಾ ಹೇಳ್ತೀನಿ. ಆಗ್ಲೂ ಹೋಗತ್ತೆ."

ಅತ್ತ ದರಿ, ಇತ್ತ ಪುಲಿ. ನಿಯಮಪ್ಪ ಚೀಟಿ ನುಂಗಿ, ಸೆಟ್ಟಿಂಗ್ ಮತ್ತೆ ಹಾಕಿದ.

ಐದಕ್ಕೆ ಎಲ್ಲರೂ ಸುತ್ತ ನಿಂತಿರಲು, ನಿಯಮಪ್ಪ ರಿಜಿಸ್ಟರಲ್ಲಿ ಬರೆದ: 'ಕಾರಣ: ಪ್ರಕೃತಿ ನಿಯಮಗಳಿಗೆ ನಿಲುಕದ್ದು.' ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ. ಮೇಷ್ಟ್ರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಸಹಿ ಹಾಕಿ, ಮಾಲೀಕರಿಗೆ ಫೋನ್ ಮಾಡಿದರು.

"ಸತ್ಯ ಬರೆಯೋ ಧೈರ್ಯ ಇರೋದು ನಿಮ್ಮ ಈ ಹುಡುಗನಿಗೇ. ಲಿಫ್ಟ್ ಕೆಲಸ ನಿಮಗೇ ಇರ್ಲಿ. ಆದ್ರೆ ನಾವು ಭಯ ಇಲ್ದೆ ಓಡಾಡ್ಬೇಕಲ್ಲ? ದಿನಾ ಹನ್ನೊಂದಕ್ಕೆ ಇವನು ಆ ಲಿಫ್ಟ್ ಒಳಗೆ ಕಾವಲಿರ್ಬೇಕು."

"ಭಾನುವಾರಾನೂ ಕಳಿಸ್ತೀನಿ," ಎಂದರು ಮಾಲೀಕರು.

ಮರುದಿನ ಹನ್ನೊಂದಕ್ಕೆ ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಕಾಫಿ ಹಿಡಿದು ನಿಂತಿದ್ದ ಅಜ್ಜಿಯ ಮುಖ ಇವನನ್ನು ಕಂಡು ಬಾಡಿತು.

"ನೀನ್ಯಾಕಪ್ಪ ಒಳಗೆ? ಖಾಲಿ ಬಂದ್ರೆ ತಾನೇ ಅವರು ಬಂದ ಹಾಗೆ?"

ನಿಯಮಪ್ಪ ನಡೆದದ್ದನ್ನು ಹೇಳಿದ. ಅಜ್ಜಿ ಲಿಫ್ಟಿನೊಳಗೆ ಇಣುಕಿ ನೋಡಿದರು.

"ಹಾಗಾದ್ರೆ ಆ ಗುಂಡಿಗಳ ಕೆಳಗಿನ ಮೂಲೇಲಿ ಮುದುರಿ ಕೂತ್ಕೊ. ಉಸಿರಾಡೋದೂ ಕೇಳಿಸ್ಬಾರದು."

ಅಂದಿನಿಂದ ನಿಯಮಪ್ಪ ದಿನಾ ಹನ್ನೊಂದಕ್ಕೆ, ಭಾನುವಾರವೂ ಸೇರಿ, ಯಾರ ಕಣ್ಣಿಗೂ ಕಾಣದೆ ಮೂರನೇ ಮಹಡಿಗೆ ಹೋಗಿ ಬರುತ್ತಾನೆ.