ಎತ್ತರದ ಗಾಡಿಗೆ ಪಾಟಾ ಆರಿಸಿದ್ದು

ಅಂಗಡಿಯವನು ಒಂದೇ ಜಾತಿಯ ಎರಡು ವಸ್ತುಗಳನ್ನು ಎದುರಿಗಿಟ್ಟು ಯಾವುದು ಬೇಕು ಎಂದು ಕೇಳಿದರೆ ನನಗೆ ಬೆವರು ಬರುತ್ತದೆ. ಇದು ಹುಟ್ಟಿನಿಂದ ಬಂದ ದೋಷ. ಚಪ್ಪಲಿ ಕೊಳ್ಳಲು ಹೋಗಿ, ಎರಡು ಜೋಡಿಗಳಲ್ಲಿ ಯಾವುದೆಂದು ತಿಳಿಯದೆ, ಹಳೆಯ ಹರಕು ಚಪ್ಪಲಿಯಲ್ಲೇ ಮನೆಗೆ ಮರಳಿದವನು ನಾನು. ಮದುವೆಯಾದ ಮೇಲೆ ಈ ದೋಷ ಯಾರ ಕಣ್ಣಿಗೂ ಬೀಳಲಿಲ್ಲ. ಏಕೆಂದರೆ ಆರಿಸುವ ಕೆಲಸವನ್ನೆಲ್ಲ ನನ್ನ ಹೆಂಡತಿ ಸುನಂದಾ ವಹಿಸಿಕೊಂಡಳು. ನಿಪ್ಪಾಣಿಯ ಬಟ್ಟೆ ಅಂಗಡಿಯಲ್ಲಿ ಅವಳು ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ, "ಆ ಮ್ಯಾಲಿಂದ ಮೂರನೇದ ತಗೀರಿ" ಎನ್ನುತ್ತಿದ್ದಳು. ತೆಗೆದರೆ ಅದೇ ಸರಿಯಾದದ್ದು. ನನ್ನ ಅಂಗಿಗಳು, ಮನೆಯ ಗೋಡೆಯ ಬಣ್ಣ, ಎಮ್ಮೆ, ಅಳಿಯ, ಎಲ್ಲ ಅವಳದೇ ಆಯ್ಕೆ. ಎಮ್ಮೆ ಚೆನ್ನಾಗಿ ಹಿಂಡುತ್ತದೆ, ಅಳಿಯನೂ ಒಳ್ಳೆಯವನು. ನನ್ನ ಪಾಲಿಗೆ ಬಂದ ಆಯ್ಕೆ ಒಂದೇ, ಅದು ನಮ್ಮ ಗಾಡಿ. ಅದರ ಫಲವನ್ನು ಈಗಲೂ ಉಣ್ಣುತ್ತಿದ್ದೇನೆ.

ನಾನು ಬೇಡಕಿಹಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಊರಾಚೆ ಒಂದಿಷ್ಟು ಕಬ್ಬಿನ ಹೊಲವಿದೆ. ಅಲ್ಲಿಗೆ ಹೋಗುವ ದಾರಿ ಕಪ್ಪು ಮಣ್ಣಿನದು. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಆ ದಾರಿಯಲ್ಲಿ ಮೊಣಕಾಲುದ್ದದ ಎರಡು ಕಾಲುವೆಗಳನ್ನು ತೋಡಿ, ನಡುವೆ ಒಂದು ದಿಬ್ಬವನ್ನು ಉಳಿಸಿ ಹೋಗುತ್ತವೆ. ನಮ್ಮ ಹಳೆಯ ಪಿಕಪ್ ಗಾಡಿಗೆ ನಾಲ್ಕೂ ಗಾಲಿ ಎಳೆಯುವ ಶಕ್ತಿಯಿದ್ದರೇನು, ಆ ದಿಬ್ಬದ ಮೇಲೆ ಹೊಟ್ಟೆಯೂರಿ ಕುಳಿತಿತೆಂದರೆ ನಾಲ್ಕೂ ಗಾಲಿ ಗಾಳಿಯಲ್ಲಿ ತಿರುಗುತ್ತಿದ್ದವು. ಬೇರೆಯವರಿಗಾದರೆ ಇದು ಬರೀ ಕಿರಿಕಿರಿ. ನಮ್ಮ ಮನೆಯಲ್ಲಿ ಇದು ಊಟದ ಪ್ರಶ್ನೆ. ನಾವು ಜೈನರು. ಸುನಂದಾ ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಬಾಯಿಗೆ ಹಾಕುವವಳಲ್ಲ. ನಾನು ಅಷ್ಟು ಗಟ್ಟಿಯಲ್ಲ. ನಿಪ್ಪಾಣಿಗೆ ಕೆಲಸದ ಮೇಲೆ ಹೋದಾಗ ದೀಪ ಹಚ್ಚಿದ ಮೇಲೂ ಹೋಟೆಲಿನ ಖಾರದ ಕಾಳಿನ ಮಿಸಳ ತಿಂದು, ಬಾಯಿ ಒರೆಸಿಕೊಂಡು, ಸಭ್ಯನಂತೆ ಮನೆಗೆ ಬರುತ್ತಿದ್ದೆ. ಒಂದು ಮಳೆಗಾಲದ ಸಂಜೆ ಗಾಡಿ ದಿಬ್ಬ ಹಿಡಿಯಿತು. ನಾನು ಸಲಿಕೆ ಹಿಡಿದು ಮಣ್ಣು ಕೆದರುತ್ತಿದ್ದಂತೆ ಸೂರ್ಯ ಕಬ್ಬಿನ ಹಿಂದೆ ಇಳಿದುಬಿಟ್ಟ. ಅವಳು ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮರುದಿನವೇ ನಾನು ಚಿಕ್ಕೋಡಿಯ ಹೊರಗಿರುವ ದಸ್ತಗೀರನ ಗ್ಯಾರೇಜಿಗೆ ಹೋಗಿ ಗಾಡಿಯನ್ನು ಎತ್ತರ ಮಾಡು ಎಂದೆ. ಎಷ್ಟು ಎಂದು ಕೇಳಿದ. "ಎಷ್ಟ ಆಗತೈತಿ ಅಷ್ಟ ಮಾಡ" ಎಂದೆ. ಆರಿಸಲು ಬಾರದವನು ಯಾವಾಗಲೂ ಹೀಗೆಯೇ ಹೇಳುತ್ತಾನೆ. ದಸ್ತಗೀರ ಮಾತು ಉಳಿಸಿಕೊಂಡ. ಅಡಿಗೆ ಕಬ್ಬಿಣದ ತುಂಡುಗಳನ್ನು ಕೊಟ್ಟು, ದೊಡ್ಡ ಗಾಲಿ ಹಾಕಿ, ಗಾಡಿಯನ್ನು ಒಂದು ಸಣ್ಣ ಮಾಳಿಗೆಯಷ್ಟು ಮೇಲೆತ್ತಿದ. ಈಗ ಅದು ಯಾವ ದಿಬ್ಬಕ್ಕೂ ತಾಗುತ್ತಿರಲಿಲ್ಲ. ಆದರೆ ಸುನಂದಾ ಗಿಡ್ಡ, ಮೇಲಾಗಿ ಮೈತುಂಬಿದವಳು. ಸೀರೆಯ ನೆರಿಗೆ ಎತ್ತಿ, ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ನನ್ನ ತಲೆಯನ್ನು ಹಿಡಿದು ಅವಳು ಮೇಲೇರುವಷ್ಟರಲ್ಲಿ, ದಾರಿಯಲ್ಲಿ ಉಳಿತಾಯವಾಗಬೇಕಿದ್ದ ಹೊತ್ತೆಲ್ಲ ಮುಗಿದಿರುತ್ತಿತ್ತು. "ನಾ ಹೊಲಕ್ಕ ಬರೂದೋ, ಗುಡ್ಡಾ ಹತ್ತೂದೋ, ಅದೊಂದ ಹೇಳ್ರಿ" ಎನ್ನುತ್ತಿದ್ದಳು. ಕೊನೆಗೆ ಅವಳೇ ಒಂದು ದಾರಿ ಕಂಡುಹಿಡಿದಳು: ಹೊಲದಿಂದ ಅರ್ಧ ತಾಸು ಮೊದಲು ಹೊರಡುವುದು. ಅದನ್ನು ಗಾಡಿ ಎತ್ತರಿಸದೆಯೂ ಮಾಡಬಹುದಿತ್ತು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ವರ್ಷಗಟ್ಟಲೆ ಹೇಳಲಿಲ್ಲ.

ಕಳೆದ ಮಾಘದಲ್ಲಿ ಮೂರು ದಿನ ಜ್ವರ ಬಂದು ಅವಳು ಹೋದಳು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಊರವರು ಬಂದರು, ಬಸದಿಯವರು ಬಂದರು, ಅಥಣಿಯ ಕಡೆ ಕೊಟ್ಟಿರುವ ಮಗಳು ಬಂದು, ಅತ್ತು, ಹೋದಳು. ಶಾಲೆಯ ಮಾಸ್ತರುಗಳು ನನ್ನನ್ನು ಕಂಡ ಕೂಡಲೇ ನಗುವನ್ನು ನಿಲ್ಲಿಸುವುದನ್ನು ಕಲಿತರು. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಒಳ್ಳೆಯ ಜೋಕೊಂದು ಅರ್ಧಕ್ಕೇ ಸಾಯುತ್ತಿತ್ತು. ಈಗ ಮಿಸಳ ತಿನ್ನಲು ಯಾರ ಭಯವೂ ಇಲ್ಲ. ಒಂದು ಸಲ ಕುಳಿತು ತಿಂದೆ. ಯಾರಿಂದಲೂ ಮುಚ್ಚಿಡಬೇಕಿಲ್ಲದ ಮಿಸಳ ಬರೀ ಖಾರ. ಎದ್ದು ಬಂದೆ. ಅಂದಿನಿಂದ ವಿಚಿತ್ರವೆಂದರೆ ನಾನೂ ಹೊತ್ತು ಮುಳುಗುವ ಮೊದಲೇ ಉಣ್ಣುತ್ತೇನೆ. ಉಂಡ ಮೇಲೆ ಉಳಿಯುವ ಸಂಜೆ ಬಹಳ ಉದ್ದ.

ಬೇಸಿಗೆಯ ಹೊತ್ತಿಗೆ ಗಾಡಿಯ ಹಿಂಬದಿ ಕುಸಿದು, ಗುಂಡಿಗೆ ಬಿದ್ದಾಗಲೆಲ್ಲ ಧಡ್ ಎನ್ನತೊಡಗಿತು. ಒಂದು ರವಿವಾರ ದಸ್ತಗೀರನ ಬಳಿ ಒಯ್ದೆ. ವರ್ಷದಿಂದ ಅತ್ತ ಹೋಗಿರಲಿಲ್ಲ. ಅವನು ಗಾಡಿಯ ಅಡಿಯಿಂದಲೇ ಕೂಗಿದ, "ಪಾಟಾ ಸತ್ತ ಹೋಗ್ಯಾವ್ರಿ ಅಣ್ಣಾರ!" ಪಾಟಾ ಎಂದರೆ ಗಾಡಿಯ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಆಮೇಲೆ ಹೊರಬಂದು, ಕೈ ಒರೆಸಿಕೊಳ್ಳುತ್ತ, "ವೈನಿ ಆರಾಮ ಅದಾರೇನ್ರಿ?" ಎಂದ. ವೈನಿ ಎಂದರೆ ಅತ್ತಿಗೆ; ಸುನಂದಾಳನ್ನು ಅವನು ಹಾಗೆಯೇ ಕರೆಯುತ್ತಿದ್ದ.

ಅಷ್ಟು ದಿನಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. "ಆರಾಮ ಅದಾಳ" ಎಂದುಬಿಟ್ಟೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಅಭ್ಯಾಸವಿತ್ತು, ಹೇಳಿತು. ತಿದ್ದಬೇಕು ಎನ್ನುವಷ್ಟರಲ್ಲಿ ದಸ್ತಗೀರ ಪಾಟಾಗಳ ವಿಷಯಕ್ಕೆ ಹೋಗಿದ್ದ. ಹಳೆಯ ಕಟ್ಟಿಗೇ ಒಂದು ಪಟ್ಟಿ ಸೇರಿಸಬಹುದು. ಭಾರ ಹೊರುತ್ತದೆ, ಆದರೆ ಖಾಲಿ ಇದ್ದಾಗ ಕತ್ತೆಯಂತೆ ಒದೆಯುತ್ತದೆ. ಇಲ್ಲವೇ ಉದ್ದನೆಯ, ಮೆತ್ತಗಿನ ಹೊಸ ಕಟ್ಟು ಹಾಕಬಹುದು. ಜೊತೆಗೆ ಕುಲುಕಾಟ ತಡೆಯುವ ಶಾಕಪ್ಪುಗಳು. ಎಣ್ಣೆಯವೂ ಇವೆ, ಗ್ಯಾಸಿನವೂ ಇವೆ. "ಎಷ್ಟ ಮಂದಿ ಕುಂದರ್ತೀರಿ ಅನ್ನೂದರ ಮ್ಯಾಲ ಐತ್ರಿ ಎಲ್ಲಾ" ಎಂದ.

"ನಾವಿಬ್ರ" ಎಂದೆ.

"ವೈನಿಗೆ ಬೆನ್ನನೋವ ಇತ್ತಲ್ರಿ? ಅವ್ರನ್ನ ಒಂದ ಮಾತ ಕೇಳಿ ಬರ್ರಿ. ನೀವ ಆರಿಸಿದ್ದನ್ನ ಒಮ್ಮೆ ನೋಡೇನಿ."

ಹೀಗೆ ಶುರುವಾಯಿತು. ಮುಂದಿನ ರವಿವಾರ ಹೋಗಿ, "ಭಾಳ ಮೆತ್ತಗಾದ್ರ ತೊಟ್ಟಿಲ ತೂಗಿಧಂಗ ಆಗಿ ವಾಂತಿ ಬರತೈತಿ ಅಂತಾಳ" ಎಂದೆ. ದಸ್ತಗೀರ ತೊಡೆ ತಟ್ಟಿ ನಕ್ಕ: "ಖರೇ ಹೇಳ್ಯಾರ ನೋಡ್ರಿ." ಅದರ ಮುಂದಿನ ವಾರ ಗ್ಯಾಸಿನ ಶಾಕಪ್ಪು ಬೇಡವಂತೆ ಎಂದೆ, ಅಡಿಗೆಮನೆಯಾಗಿನ ಒಂದ ಗ್ಯಾಸ್ ಸಾಕಾಗೈತಿ ಅಂದಳಂತ ಹೇಳಿದೆ. ಇನ್ನೊಂದು ವಾರ ಶಾಕಪ್ಪಿನ ಬಣ್ಣದ ಚರ್ಚೆಯಾಯಿತು. ಚಿಕ್ಕೋಡಿಯ ದಾರಿಯುದ್ದಕ್ಕೂ ನಾನು ಅವಳು ಏನೆನ್ನಬಹುದೆಂದು ಯೋಚಿಸುತ್ತ ಹೋಗುತ್ತಿದ್ದೆ. ಯೋಚಿಸಬೇಕಾದದ್ದೇನೂ ಇರಲಿಲ್ಲ, ಅವಳ ಮಾತು ತಾನಾಗಿ ಬರುತ್ತಿತ್ತು. ಇಡೀ ಜಿಲ್ಲೆಯಲ್ಲಿ ಅವಳು ಇನ್ನೂ ಬದುಕಿದ್ದ ಜಾಗವೆಂದರೆ ಆ ಗ್ಯಾರೇಜೊಂದೇ. ಪಾಟಾ ಆರಿಸಿಬಿಟ್ಟರೆ ಅಲ್ಲಿಗೆ ಹೋಗಲು ನೆಪವಿರುವುದಿಲ್ಲ. ಹೀಗಾಗಿ ನಾನು ನನ್ನ ಹುಟ್ಟುದೋಷವನ್ನು ಜೀವನದಲ್ಲಿ ಮೊದಲ ಬಾರಿಗೆ ಮನಃಪೂರ್ವಕವಾಗಿ ದುಡಿಸಿಕೊಂಡೆ. ಗಾಡಿ ಮಾತ್ರ ಧಡ್ ಎನ್ನುತ್ತಲೇ ಇತ್ತು.

ಆದರೆ ದಸ್ತಗೀರ ಕೆಲಸದ ಮನುಷ್ಯ. ಒಂದು ದಿನ ಹೇಳಿಬಿಟ್ಟ: "ಬಾಯಿಮಾತ ಸಾಕ್ರಿ ಅಣ್ಣಾರ. ಮುಂದಿನ ವಾರ ವೈನಿನ್ನ ಕರಕೊಂಡ ಬರ್ರಿ. ಇಬ್ರನ್ನೂ ಕುಂದರ್ಸಿ, ಗಾಡಿ ಎಷ್ಟ ಇಳೀತೈತಿ ಅಳದ, ಅದಕ್ಕ ತಕ್ಕಂಗ ಹಾಕತೇನಿ."

"ತವರಮನಿಗೆ ಹೋಗ್ಯಾಳ. ಕಾಗವಾಡಕ್ಕ" ಎಂದೆ.

ಮುಂದಿನ ವಾರವೂ ಅವಳು ಕಾಗವಾಡದಲ್ಲೇ ಇದ್ದಳು. ಅದರ ಮುಂದಿನ ವಾರವೂ. ನಾಲ್ಕನೆಯ ರವಿವಾರ ದಸ್ತಗೀರ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು, ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ ಕೇಳಿದ, "ಜಗಳಾ ಮಾಡೀರೇನ್ರಿ?"

ನಾನು ತಲೆ ತಗ್ಗಿಸಿ ಚಪ್ಪಲಿಯ ಮಣ್ಣನ್ನು ನೆಲಕ್ಕೆ ಉಜ್ಜಿದೆ. ಅದನ್ನು ಅವನು ತಪ್ಪೊಪ್ಪಿಗೆ ಎಂದುಕೊಂಡ. "ನನಗ ಎರಡನೇ ವಾರಾನ ಸಂಶೇ ಬಂದಿತ್ತ. ಈ ವಯಸ್ಸಿನ್ಯಾಗ ಏನ್ರಿ ಇದ? ಹೋಗಿ ತಪ್ಪಾತು ಅನ್ರಿ. ಗಂಡಸರ ತಪ್ಪಾತು ಅಂದ್ರ ಏನ ಸವೀತೈತಿ? ನಮ್ಮನಿಯಾಗ ನಾ ಮುಂಜಾನೆದ್ದ ಮುಖಾ ತೊಳಿಯೂದ್ರಾಗ ಎರಡ ಸಲ ಅಂದಿರತೇನಿ." ಅಷ್ಟು ಹೇಳಿ ಕೈ ತೊಳೆದು, ಅಂಗಿ ಬದಲಿಸಿ, ಗಾಡಿಯ ಎಡಬಾಗಿಲು ತೆರೆದು ಹತ್ತಿ ಕುಳಿತುಬಿಟ್ಟ. "ನಡೀರಿ ಕಾಗವಾಡಕ್ಕ. ನಾ ಮಾತಾಡತೇನಿ. ಹಂಗ ಗಾಡೀನೂ ಟೆಸ್ಟ್ ಆಗತೈತಿ."

ಇಳಿ ಎನ್ನಬೇಕಿತ್ತು. ಎನ್ನಲಾಗಲಿಲ್ಲ. ಐದು ತಿಂಗಳ ಮೇಲೆ ಪಕ್ಕದ ಸೀಟಿನಲ್ಲಿ ಒಂದು ಭಾರ ಕುಳಿತಿತ್ತು; ಗಾಡಿ ಎಡಕ್ಕೆ ಸ್ವಲ್ಪ ಇಳಿದು ಸಮನಾಗಿತ್ತು. ನಾನು ನಡೆಸಿದೆ. ಅವನು ದಾರಿಯುದ್ದಕ್ಕೂ ಮಾವನ ಮನೆಯಲ್ಲಿ ಹೇಗೆ ಮಾತು ತೆಗೆಯಬೇಕೆಂದು ನನಗೆ ಪಾಠ ಹೇಳಿದ. ಮೊದಲು ಮಳೆಯ ವಿಷಯ, ಆಮೇಲೆ ಕಬ್ಬು, ಚಹಾ ಬಂದ ಮೇಲೆ ವೈನಿಯ ವಿಷಯ. ಕೃಷ್ಣಾ ನದಿಯ ಸೇತುವೆ ಕಂಡಿತು. ಅದನ್ನು ದಾಟಿದರೆ ಕಾಗವಾಡದ ದಾರಿ. ಅಲ್ಲಿ ಅವಳ ಅಣ್ಣ ಬಾಗಿಲಿಗೆ ಬರುತ್ತಾನೆ. ನಾನು ಗಾಡಿಯನ್ನು ಬದಿಗೆ ನಿಲ್ಲಿಸಿದೆ.

"ದಸ್ತಗೀರ, ಅಕಿ ಕಾಗವಾಡದಾಗ ಇಲ್ಲ. ಮಾಘದಾಗ ಹ್ವಾದ್ಲು. ತೀರಕೊಂಡ್ಲು."

ಕಬ್ಬಿನ ಸಸಿ ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಸೇತುವೆ ಏರಿತು. ಅದು ಆಚೆ ದಡ ಮುಟ್ಟಿದ ಮೇಲೆ ಅವನು ಮೆಲ್ಲಗೆ ಕೇಳಿದ, "ಮತ್ತ ಗ್ಯಾಸಿನ ಶಾಕಪ್ಪ ಬ್ಯಾಡ ಅಂದಾವ್ರ ಯಾರ್ರಿ?"

"ನಾನ."

"ಕೆಂಪ ಬಣ್ಣ ಎದ್ದ ಕಾಣತೈತಿ, ಕರೀದ ಇರ್ಲಿ ಅಂದಾವ್ರ?"

"ಅದೂ ನಾನ."

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಾ ಮನಿಯಾಗ ನಮ್ಮಾಕಿಗೆ ಹೇಳಿದ್ದೆ ಅಣ್ಣಾರ. ಆ ವೈನಿಗೆ ಗಾಡಿ ಬಗ್ಗೆ ಎಷ್ಟ ತಿಳೀತೈತಿ ನೋಡ, ನೀನೂ ಅದಿ, ಅಂತ. ನಾಕ ವಾರ ಸುಮ್ನ ಬೈಸ್ಕೊಂಡಾಳ್ರಿ, ಪಾಪ."

ನನಗೆ ನಗು ಬಂತು. ಮಾಘದಿಂದ ಬಾರದಿದ್ದ ನಗು. ಅದು ನಡುವೆಯೇ ಬೇರೆ ಏನೋ ಆಯಿತು. ದಸ್ತಗೀರ ಇಳಿದು ಹೋಗಿ ಗಾಡಿಯ ಹಿಂದೆ, ನೋಡಬೇಕಾದದ್ದೇನೂ ಇಲ್ಲದ ಕಡೆ, ಬಹಳ ಹೊತ್ತು ಬಗ್ಗಿ ನೋಡುತ್ತ ನಿಂತ. ನಾನು ಮುಖ ಒರೆಸಿಕೊಂಡ ಮೇಲೆ ಕಿಟಕಿಯ ಬಳಿ ಬಂದು, ಕೇಳಬೇಕಾದ್ದನ್ನು ಕೇಳಿದ: "ಒಬ್ಬರ ಭಾರಕ್ಕ ಹಾಕ್ಲೇನ್ರಿ?"

ನಾನು ನದಿಯ ಕಡೆ ನೋಡಿದೆ. "ಹಾಕು" ಎಂದೆ.

ಮೆತ್ತಗಿನ ಪಾಟಾ, ಎಣ್ಣೆಯ ಶಾಕಪ್ಪು. ಎತ್ತರ ಇದ್ದಷ್ಟೇ ಇದೆ. ಗಾಡಿ ಈಗ ಸದ್ದಿಲ್ಲದೆ ಓಡುತ್ತದೆ. ಹೊಲದಿಂದ ಹೊರಟರೆ ಸೂರ್ಯ ಇನ್ನೂ ಮೇಲಿರುವಾಗಲೇ ಮನೆಯಲ್ಲಿರುತ್ತೇನೆ. ನನ್ನ ಆಯ್ಕೆಯೊಂದು ಸರಿಹೋಯಿತು ಎಂದು ಯಾರಿಗಾದರೂ ಹೇಳಬೇಕು. ಎಮ್ಮೆಗೆ ಹೇಳಿದ್ದೇನೆ.

ಎರಡು ರವಿವಾರ ಮನೆಯಲ್ಲೇ ಕುಳಿತೆ. ಮೂರನೆಯ ರವಿವಾರ ಗಾಡಿಯ ಹಾರ್ನಿನ ದನಿ ತೀರ ತೆಳುವಾಗಿದೆ ಎಂದು ನನಗೆ ಹೊಳೆಯಿತು. ಚಿಕ್ಕೋಡಿಗೆ ಹೋಗಿ ದಸ್ತಗೀರನಿಗೆ ಹೇಳಿದೆ. ಅವನು ಹಾರ್ನ್ ಒತ್ತಿ ನೋಡಲೂ ಇಲ್ಲ. ಒಳಗೆ ಹೋಗಿ ನಾಲ್ಕು ಬೇರೆ ಬೇರೆ ಹಾರ್ನುಗಳನ್ನು ತಂದು ಬೆಂಚಿನ ಮೇಲೆ ಸಾಲಾಗಿಟ್ಟ. ನನಗೊಂದು ಕುರ್ಚಿ ಎಳೆದು, ಚಹಾಕ್ಕೆ ಹೇಳಿ, "ಗಡಿಬಿಡಿ ಏನಿಲ್ರಿ ಅಣ್ಣಾರ. ವಾರಕ್ಕೊಂದ ಹಚ್ಚಿ ನೋಡೂಣು" ಎಂದ.

ಮೊದಲನೆಯದೇ ಚೆನ್ನಾಗಿತ್ತು. ನಾನು ತಲೆಯಾಡಿಸಿ, ಇದು ಯಾಕೋ ಸರಿಬರಲಿಲ್ಲ ಎಂದೆ.